ಕೆಂಪು ಲೋಳೆಯ ದಾರಿ

ಬಹುಧಾನ್ಯ ಸಂವತ್ಸರದ ಮಾರ್ಗಶಿರ ಮಾಸದ ಒಂದು ಬೆಳಗ್ಗೆ ರಾಯದುರ್ಗದ ಸ್ಟೇಷನ್ನಿನಲ್ಲಿ ಇಳಿದ ನರಸಿಂಹಯ್ಯನವರ ಬಳಿ ಹುಲ್ಲು ತುಂಬಿದ ಮರದ ಪೆಟ್ಟಿಗೆಯೊಂದಿತ್ತು. ಅದರೊಳಗೆ ಮೂರು ಗಾಜಿನ ಸೀಸೆಗಳು. ಗುಮ್ಮಘಟ್ಟದ ಪಡುವಣಕ್ಕಿರುವ ಕರಿಗುಡ್ಡದ ಗವಿಯ ನೀರನ್ನು ಅವುಗಳಲ್ಲಿ ತುಂಬಿ, ಗಾಳಿಯ ಒಂದು ಗುಳ್ಳೆಯೂ ಸೇರದಂತೆ ಅರಗಿನಿಂದ ಮುಚ್ಚಿ, ಮದರಾಸಿಗೆ ಒಯ್ಯಬೇಕಾಗಿತ್ತು.

ಮಡಕಶಿರದ ವೈದಿಕ ಮನೆತನದಲ್ಲಿ ಹುಟ್ಟಿದ ಅವರು ಮದರಾಸಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದರು. ಉಸಿರಾಡುವ ಗಾಳಿ ಭೂಮಿಯ ಮೇಲೆ ತುಂಬುವ ಮೊದಲೇ ಜೀವ ಹುಟ್ಟಿತ್ತೆಂದು ಪಂಡಿತರು ಊಹಿಸತೊಡಗಿದ್ದ ಕಾಲವದು. ಹಾಗಾದರೆ ಆ ಮೊದಲ ಜೀವ ಏನನ್ನು ಉಂಡಿತು? ಯಾವ ಬೆಂಕಿಯಲ್ಲಿ ಅರಗಿಸಿಕೊಂಡಿತು? ಉದರದ ವೈಶ್ವಾನರಾಗ್ನಿಯನ್ನೂ ಕಡಲೊಳಗಿನ ಬಡಬಾಗ್ನಿಯನ್ನೂ ಬಾಲ್ಯದಿಂದ ಕೇಳಿ ಬೆಳೆದ ನರಸಿಂಹಯ್ಯನವರಿಗೆ, ನೀರಿನೊಳಗೆ ಬೆಂಕಿ ಎಂಬುದು ಬರಿಯ ಅಲಂಕಾರವಾಗಿ ತೋರಿರಲಿಲ್ಲ. ಕಲ್ಲೊಳಗಿನ ಕಬ್ಬಿಣವೂ ನೀರೂ ಕತ್ತಲಲ್ಲಿ ಕೂಡಿದಾಗ ಜಲಜನಕವೆಂಬ ಅನಿಲ ಹುಟ್ಟುತ್ತದೆ. ಅದನ್ನೇ ಅನ್ನವಾಗಿ ಉಣ್ಣುವ ಜೀವಾಣುಗಳು ಇಂದಿಗೂ ಎಲ್ಲೋ ಉಳಿದಿರಬೇಕು. ಅದು ಅವರ ನಂಬಿಕೆ. ನಂಬಿಕೆಗೆ ಸಾಕ್ಷಿ ಬೇಕಿತ್ತು.

ಗವಿಯನ್ನು ಬಲ್ಲವಳು ಕುರಿ ಮೇಯಿಸುವ ಓಬಮ್ಮ. ಅವಳ ತಮ್ಮ ಯರ್ರಿಸ್ವಾಮಿ ಬಾವಿ ತೋಡುವವನು. ಕುರಿಗಳನ್ನು ಗುಡ್ಡದ ಬುಡದಲ್ಲಿ ನಾಯಿಯ ಕಾವಲಿಗೆ ಬಿಟ್ಟು ಮೂವರೂ ಹತ್ತಿದರು. ಬೋಳು ಬಂಡೆಗಳು ಆನೆಯ ಬೆನ್ನಿನಂತೆ ಸಾಲಾಗಿ ಮಲಗಿದ್ದವು. ನಡುವೆ ಜಾಲಿ, ಕಳ್ಳಿ, ಒಣಗಿ ಬಂಗಾರವಾದ ಹುಲ್ಲು. ಬಹುದೂರದಲ್ಲಿ ಕಣೇಕಲ್ಲಿನ ಕೆರೆ ಹೊಳೆಯುತ್ತಿತ್ತು. ನೆತ್ತಿಯ ಸಮೀಪದಲ್ಲಿ ಕಲ್ಲು ಕಪ್ಪಾಯಿತು, ಗವಿಯ ಬಾಯಿ ಕಂಡಿತು.

"ಕುದಿಗವಿ ಅಂತಾರ್ರಿ ಇದಕ್ಕ. ನೀರು ತಣ್ಣಗ ಇರ್ತೈತಿ, ಆದ್ರ ಕುದಿಯೋದು ಬಿಡಂಗಿಲ್ಲ," ಎಂದಳು ಓಬಮ್ಮ.

ಯರ್ರಿಸ್ವಾಮಿ ಲಾಟೀನು ಹಚ್ಚಿ, ಹಗ್ಗಕ್ಕೆ ಕಟ್ಟಿ, ಒಳಗಿನ ಇಳಿಜಾರಿನಲ್ಲಿ ಜಾರಬಿಟ್ಟ. ದೀಪ ಅಲುಗದೆ ಉರಿಯಿತು.

"ಕೆಟ್ಟಗಾಳಿ ಯಾವಾಗ್ಲೂ ತಳಕ್ಕ ಕುಂದ್ರತೈತ್ರಿ ಅಯ್ನೋರ. ತಳದಾಗ ದೀಪ ಉರದ್ರ ಭಯ ಇಲ್ಲ."

"ಇವನು ಹಿಂಗಂದು ಹೋದ ವರ್ಷ ಬಾವ್ಯಾಗ ಮೂರ್ಛೆ ಬಿದ್ದಿದ್ದ," ಎಂದಳು ಅಕ್ಕ.

"ಅವತ್ತು ದೀಪ ಇಳಿಬಿಟ್ಟಿದ್ದಿಲ್ಲ, ಊಟದ ಬುತ್ತಿ ಇಳಿಬಿಟ್ಟಿದ್ದೆ," ಎಂದ ತಮ್ಮ.

ತೆವಳಿಕೊಂಡು ಇಪ್ಪತ್ತು ಮಾರು ಹೋದ ಮೇಲೆ ಒಂದು ಕೋಣೆಯಷ್ಟು ಜಾಗ. ನಡುವೆ ತಿಳಿನೀರಿನ ಹೊಂಡ. ತಳದ ಕಪ್ಪು ಕೆಸರಿನಿಂದ ಗುಳ್ಳೆಗಳು ಸರಗಟ್ಟಿ ಏಳುತ್ತಿದ್ದವು. ಹೊಂಡದ ಅಂಚಿಗೆ ಕೆಂಪಗಿನ ತೆಳುಲೋಳೆ. ಲಾಟೀನನ್ನು ನೆಲದ ಮೇಲಿಟ್ಟು, ನರಸಿಂಹಯ್ಯನವರು ಸೀಸೆಗಳನ್ನು ಮುಳುಗಿಸಿ ತುಂಬಿದರು, ಅರಗಿನಿಂದ ಮುದ್ರಿಸಿದರು.

"ಗಂಗಮ್ಮನ ನೀರು ಪೂಜಿ ಮಾಡದ ಒಯ್ಯಬಾರದು," ಎಂದಳು ಓಬಮ್ಮ.

ಅದು ಅವರಿಗೂ ಒಪ್ಪಿತವೇ. ಕರ್ಪೂರ ಹಚ್ಚಿ, ಹೊಂಡಕ್ಕೆ ಮೂರು ಸುತ್ತು ಬೆಳಗಿ, ವಾಡಿಕೆಯಂತೆ ಆರತಿಯನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆತ್ತಿದರು.

ಗುಳ್ಳೆಗಳಲ್ಲಿ ಏಳುತ್ತಿದ್ದ ಜಲಜನಕ ಗಾಳಿಗಿಂತ ಹಗುರ. ಅದು ತಳದಲ್ಲಿ ಕೂರುವುದಿಲ್ಲ; ಸೂರಿಗೆ ಅಂಟಿ ನಿಲ್ಲುತ್ತದೆ. ಪ್ರತಿ ವರ್ಷ ಮೊದಲ ತರಗತಿಗೆ ಅವರೇ ಹೇಳಿಕೊಡುತ್ತಿದ್ದ ಪಾಠ.

ನೀಲಿಯ ಹೊಳಪೊಂದು ಸೂರಿನುದ್ದಕ್ಕೂ ಓಡಿತು. ಸಿಡಿಲು ಹೊಡೆದ ಸದ್ದು. ಕಲ್ಲುಗಳು ಉರುಳಿದವು. ಆಮೇಲೆ ಕತ್ತಲು.

"ತಮ್ಮಾ?"

"ಅದೀನಿ. ಎಡಭುಜ ಹೋತು. ಅಯ್ನೋರ?"

"ಇದ್ದೇನಪ್ಪಾ."

ಓಬಮ್ಮ ತಡವರಿಸಿ ಬಂದ ದಾರಿ ಹುಡುಕಿದಳು. ಮಂಚದಷ್ಟು ದೊಡ್ಡ ಬಂಡೆ ಅದನ್ನು ಮುಚ್ಚಿತ್ತು. ಮೂವರೂ ಒತ್ತಿದರು. ಕದಲಲಿಲ್ಲ. ಕತ್ತಲಲ್ಲಿ ಬೆಂಕಿಪೆಟ್ಟಿಗೆ ಗಲಗಲ ಅಂದಿತು.

"ಯರ್ರಿಸ್ವಾಮಿ, ಕಡ್ಡಿ ಗೀರಬೇಡ," ಎಂದರು ನರಸಿಂಹಯ್ಯನವರು. "ತಪ್ಪು ನನ್ನದು. ಗೊತ್ತಿದ್ದೂ ಮರೆತೆ. ಈ ಗುಳ್ಳೆಗಳು ಏಳುತ್ತಲೇ ಇವೆ. ಇನ್ನೊಂದು ಕಿಡಿ ಬಿದ್ದರೆ ನಾವು ಉಳಿಯುವುದಿಲ್ಲ."

"ಸುಮ್ನ ಕುಂತ್ರೂ ಉಳಿಯಂಗಿಲ್ಲಲ್ರಿ. ಉಸಿರು ಈಗ್ಲೇ ಭಾರ ಆಗೈತಿ."

ಹೊಂಡದ ಸದ್ದು ಮಾತ್ರ ಉಳಿಯಿತು. ಬುಳುಕ್, ಬುಳುಕ್. ಕೋಟಿ ವರ್ಷಗಳಿಂದ ಗಾಳಿಯ ಹಂಗಿಲ್ಲದೆ ನಡೆಯುತ್ತಿದ್ದ ಊಟದ ಪಂಕ್ತಿಯಲ್ಲಿ, ಗಾಳಿ ಬೇಕಾದ ಮೂವರು ಸಿಕ್ಕಿಬಿದ್ದಿದ್ದರು.

"ಹಿಂದಿನ ಗೋಡ್ಯಾಗ ಎರಡು ಸೀಳು ನೋಡಿದ್ದೆ," ಎಂದ ಯರ್ರಿಸ್ವಾಮಿ. "ಒಂದು ಬಗ್ಗಿ ನಡಿಯೋವಷ್ಟು ಐತಿ. ಅದರಾಗ ಹೋಗಾನ."

ಹೊಂಡದ ಅಂಚಿನ ಕೆಂಪು ಲೋಳೆ ನರಸಿಂಹಯ್ಯನವರ ನೆನಪಿಗೆ ಬಂತು.

"ಓಬಮ್ಮಾ, ಎರಡು ಸೀಳಿನಲ್ಲೂ ಕೈ ಹಾಕು. ನೀರು ಹರಿಯುವ ಕಲ್ಲು ಹೇಗಿದೆ, ಹೇಳು."

"ದೊಡ್ಡದ್ರಾಗ ಬರೇ ಹಸಿ ಉಸುಕು. ಸಣ್ಣದ್ರಾಗ... ಥೂ, ದಪ್ಪ ಲೋಳೆ. ಆರಿದ ಅಂಬಲಿ ಮ್ಯಾಲಿನ ಕೆನಿ ಇದ್ದಂಗ."

"ಹಾಗಿದ್ದರೆ ಸಣ್ಣದರಲ್ಲಿ ಹೋಗಬೇಕು. ಈ ನೀರಿನಲ್ಲಿ ಕಬ್ಬಿಣ ಕರಗಿದೆ. ಹೊರಗಿನ ಗಾಳಿ ತಾಕಿದರೆ ಅದು ತುಕ್ಕಾಗುತ್ತದೆ. ಅದನ್ನೇ ಉಂಡು ಬದುಕುವ ಜೀವಗಳ ಮನೆ ಆ ಲೋಳೆ. ಅಷ್ಟು ದಪ್ಪ ಬೆಳೆಯಬೇಕಾದರೆ ಹೊಸ ಗಾಳಿ ದಿನವೂ ಅಲ್ಲಿಗೆ ಬರುತ್ತಿರಬೇಕು."

"ದೊಡ್ಡ ದಾರಿ ಬಿಟ್ಟು ಇಲಿ ಬಿಲಕ್ಕ ಹೋಗೋದೇನ್ರಿ?" ಎಂದ ಯರ್ರಿಸ್ವಾಮಿ. "ನಡುವ ಸಿಕ್ಕಂಡ್ರ ತಿರುಗಾಕೂ ಆಗಂಗಿಲ್ಲ."

"ನಾ ಮುಂದ ಹೊಕ್ಕೀನಿ," ಎಂದಳು ಓಬಮ್ಮ.

ಎರಡು ಸೀಸೆಗಳು ಚೂರಾಗಿದ್ದವು. ಉಳಿದ ಒಂದನ್ನು ನರಸಿಂಹಯ್ಯನವರು ಉತ್ತರೀಯದಲ್ಲಿ ಸುತ್ತಿ ಹೊಟ್ಟೆಗೆ ಕಟ್ಟಿಕೊಂಡರು.

ತೆವಳಿದರು. ಮೊಣಕೈ ಸುಲಿಯಿತು. ಸೂರು ಬೆನ್ನನ್ನು ಉಜ್ಜುತ್ತಿತ್ತು. ಓಬಮ್ಮ ಮುಂದೆ, ನಡುವೆ ಅವರು, ಕೊನೆಗೆ ನರಳುತ್ತ ಯರ್ರಿಸ್ವಾಮಿ. ಒಂದೆಡೆ ದಾರಿ ಕವಲಾಯಿತು. ಅಗಲವಾಗಿದ್ದ ಬಲಗಡೆಗೆ ಓಬಮ್ಮ ಹೊರಳಿದಳು. ಹತ್ತು ಮೊಳದಲ್ಲಿ ನಿಂತುಬಿಟ್ಟಳು.

"ಲೋಳೆ ತೆಳ್ಳಗಾಗಾಕತ್ತೈತಿ."

"ಹಿಂದಕ್ಕೆ ಬಾ."

ಹಿಂದಕ್ಕೆ ತೆವಳುವುದು ಮುಂದಕ್ಕಿಂತ ಕಠಿಣ. ಎದೆ ಡೋಲಿನಂತೆ ಬಡಿಯುತ್ತಿತ್ತು, ಕಿವಿಯಲ್ಲಿ ಗುಂಯ್ ಎಂಬ ನಾದ. ನರಸಿಂಹಯ್ಯನವರ ನಾಲಗೆ ತಾನಾಗಿಯೇ ಗಾಯತ್ರಿಯನ್ನು ಹಿಡಿಯಿತು. ಅರ್ಧಕ್ಕೆ ಉಸಿರು ಸಾಲದೆ ನಿಂತಿತು. ಎಡಗವಲಿನಲ್ಲಿ ಲೋಳೆ ಮತ್ತೆ ದಪ್ಪವಾಯಿತು, ಗಡ್ಡದಂತೆ ಜೋಲತೊಡಗಿತು. ಆಮೇಲೆ ಓಬಮ್ಮನ ಕೈ ಅವರಿಗೆ ಕಂಡಿತು.

ಕಂಡಿತು. ಮಂಕು ಬೆಳಕಿನಲ್ಲಿ, ಮೊಣಕೈವರೆಗೆ ಕೆಂಪಾಗಿ.

ಬಿರುಕು ಗುಡ್ಡದ ಬಡಗಣ ಮೈಗೆ ಬಾಯ್ದೆರೆದಿತ್ತು. ಓಬಮ್ಮ ಓರೆಯಾಗಿ ನುಸುಳಿ ಹೊರಬಿದ್ದಳು. ನರಸಿಂಹಯ್ಯನವರ ತಲೆ, ಭುಜ ಹೊರಬಂದವು; ಹೊಟ್ಟೆಯ ಬಳಿ ಸೀಸೆ ಕಲ್ಲಿಗೆ ಕಚ್ಚಿಕೊಂಡಿತು. ಮುಂದಿಲ್ಲ, ಹಿಂದಿಲ್ಲ. ಹಿಂದೆ ಯರ್ರಿಸ್ವಾಮಿಯ ಉಸಿರು ಗೊರಗುಟ್ಟುತ್ತಿತ್ತು.

"ಸೀಸೆ ಬಿಚ್ರಿ, ನನ್ನ ಕೈ ಹಿಡೀರಿ," ಎಂದಳು ಓಬಮ್ಮ.

ಮಾರ್ಗಶಿರದ ಬಿಸಿಲು ಅವರ ಕಣ್ಣು ಕುಕ್ಕುತ್ತಿತ್ತು. ಹನ್ನೊಂದು ವರ್ಷ ಹುಡುಕಿದ ನೀರು ಹೊಟ್ಟೆಯ ಮೇಲಿತ್ತು. ಅವರು ಗಂಟು ಬಿಚ್ಚಿದರು. ಓಬಮ್ಮ ಎಳೆದಳು. ಚರ್ಮ ಸುಲಿದುಕೊಂಡು ಹೊರಬಿದ್ದರು.

"ಯರ್ರಿಸ್ವಾಮಿ, ಸೀಸೆಯನ್ನು ಅಲ್ಲೇ ಬಿಡು. ನೀನು ಬಾ," ಎಂದು ಬಿರುಕಿಗೆ ಬಾಯಿಟ್ಟು ಕೂಗಿದರು.

ಬಹಳ ಹೊತ್ತಿನ ಮೇಲೆ ಉತ್ತರೀಯದ ಗಂಟೊಂದು ಬಿರುಕಿನಿಂದ ಇಣುಕಿತು. ಅದನ್ನು ಹಣೆಯಿಂದ ತಳ್ಳುತ್ತ ಯರ್ರಿಸ್ವಾಮಿಯ ಮುಖ ಬಂತು.

"ದಾರಿಗೆ ಅಡ್ಡ ಇತ್ತಲ್ರಿ," ಎಂದ. "ತಳ್ಳದ ಹೆಂಗ ಬರ್ಲಿ."

ಓಬಮ್ಮ ಸೆರಗು ಹರಿದು ತಮ್ಮನ ತೋಳನ್ನು ಕೊರಳಿಗೆ ಕಟ್ಟಿದಳು. ನರಸಿಂಹಯ್ಯನವರು ಸೀಸೆಯನ್ನು ಬಿಸಿಲಿಗೆ ಹಿಡಿದರು. ಅರಗು ಬಿರಿದಿರಲಿಲ್ಲ. ತಿಳಿನೀರಿನ ತಳದಲ್ಲಿ ಕಪ್ಪು ಕೆಸರು, ಒಂದಿಷ್ಟೂ ಕೆಂಪಾಗದೆ ಮಲಗಿತ್ತು.

ಕೆಳಗೆ ಸಿಡಿಲಿನ ಸದ್ದಿಗೆ ಬೆದರಿದ ಕುರಿಗಳು ಕಳ್ಳಿಯ ನಡುವೆ ಚದುರಿದ್ದವು. ನಾಯಿಯೊಂದೇ ಅತ್ತಿತ್ತ ಓಡುತ್ತಿತ್ತು.

"ಅಯ್ನೋರ, ಕುಂತಿದ್ದು ಸಾಕು. ಇವನ ಕೈ ನಡಿಯಂಗಿಲ್ಲ," ಎಂದಳು ಓಬಮ್ಮ. "ಆ ಬಂಡೆ ಕಡೆ ಕುರಿ ನೀವು ತಿರುವ್ರಿ."

ನರಸಿಂಹಯ್ಯನವರು ಎದ್ದರು. ಸೀಸೆಯನ್ನು ಎಡಗೈಯಲ್ಲಿ ಎದೆಗೊತ್ತಿಕೊಂಡು, ಬಲಗೈಗೆ ಒಂದು ಜಾಲಿಯ ಕೋಲು ಮುರಿದುಕೊಂಡು, ಓಬಮ್ಮ ಕೂಗಿದಂತೆಯೇ ಕೂಗಲು ಪ್ರಯತ್ನಿಸುತ್ತ, ಕುರಿಗಳತ್ತ ಇಳಿದರು.