ರಫಿ ಸಾಹೇಬರು ತೀರಿಕೊಂಡ ಮರುದಿನ

ಆಷಾಢದಲ್ಲಿ ಮದುವೆಯಿಲ್ಲ, ಬಸುರಿಯರ ಕುಬಸವಿಲ್ಲ, ಮೈಕ್ ಸೆಟ್ ಬಾಡಿಗೆಗೆ ಕೇಳುವ ಒಬ್ಬ ನರಪಿಳ್ಳೆಯೂ ಇಲ್ಲ. ಆದರೂ ಗುಡಗೇರಿಯ ತಿರಕಪ್ಪ ದಿನಾ ಮಧ್ಯಾಹ್ನ ಹನ್ನೆರಡು ಹೊಡೆಯುತ್ತಲೇ ಅಂಗಡಿಯ ಮಾಳಿಗೆ ಮೇಲಿನ ಹಾರ್ನಿಗೆ ಜೀವ ಕೊಟ್ಟು, ಎರಡು ತಾಸು ರಫಿ ಸಾಹೇಬರ ರೆಕಾರ್ಡು ಹಚ್ಚುತ್ತಿದ್ದ.

ಯಾಕೆಂದು ಕೇಳಿದವರಿಗೆ ಅವನ ಉತ್ತರ ಒಂದೇ. "ಟೆಸ್ಟಿಂಗ್ ರೀ. ಮಳಿಗಾಲದಾಗ ಮಷೀನು ಸುಮ್ನ ಇಟ್ರ ಕೆಡತೈತಿ."

ಆ ಟೆಸ್ಟಿಂಗ್ ಯಾರಿಗಾಗಿ ಎಂಬುದು ಮೈಲಾರವ್ವನಿಗೆ ಗುರುವಾರ ಸಂಜೆ ಗೊತ್ತಾಯಿತು. ಗೊತ್ತಾಯಿತು ಎಂದು ಅವಳು ಅಂದುಕೊಂಡಳು.

ಅಂದು ಅವಳು ಹೊಲದಿಂದ ಬೇಗ ಬಂದು ಜಂಪರಿನ ಅಳತೆ ಕೊಡಲು ಕಸ್ತೂರೆವ್ವನ ಮನೆಗೆ ಹೋಗಿದ್ದಳು. ಕಸ್ತೂರೆವ್ವ ಹುಬ್ಬಳ್ಳಿಯಲ್ಲಿ ಹೊಲಿಗೆ ಕಲಿತು ಬಂದವಳು. ಕೈಗೆ ವಾಚು ಕಟ್ಟುತ್ತಿದ್ದಳು, ಪೌಡರ್ ಹಚ್ಚುತ್ತಿದ್ದಳು. ಮಷೀನು ತುಳಿಯುತ್ತ ಅವಳು ಹಿಂದಿ ಹಾಡೊಂದನ್ನು ಗುನುಗುತ್ತಿದ್ದಳು, ಅದೂ ಎಲ್ಲೂ ತಪ್ಪಿಲ್ಲದೆ.

"ಪೂರಾ ಹಾಡು ಬರತೈತೇನು ನಿನಗ?" ಎಂದಳು ಮೈಲಾರವ್ವ.

"ಬರಲಾರದ ಏನ್ ಮಾಡ್ತದವಾ? ದಿನಾ ಎರಡ ತಾಸು ನನ್ನ ಕಿವ್ಯಾಗ ಹಾಡ್ತಾನಲ್ಲ!" ಕಸ್ತೂರೆವ್ವ ಸೂಜಿಗೆ ದಾರ ಪೋಣಿಸುತ್ತ ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿದಳು.

ಮೈಲಾರವ್ವ ನೋಡಿದಳು. ತಿರಕಪ್ಪನ ಮಾಳಿಗೆ ಮೇಲೆ ಗಳಕ್ಕೆ ಕಟ್ಟಿದ್ದ ಹಾರ್ನ್ ತನ್ನ ಅಗಲ ಬಾಯಿ ತೆರೆದುಕೊಂಡು ಸೀದಾ ಈ ಕಿಟಕಿಗೇ ಮುಖ ಮಾಡಿತ್ತು. ಬೇರೆ ಯಾವ ದಿಕ್ಕಿಗೂ ಅಲ್ಲ.

ಒಂದು ತಿಂಗಳಿಂದ ಅವಳು ಏನೇನೋ ಅಂದುಕೊಂಡಿದ್ದಳಲ್ಲ! ಸಂಜೆ ಬುಟ್ಟಿ ಹೊತ್ತು ಅಂಗಡಿಯ ಮುಂದೆ ಹಾಯುವಾಗ ಅವನು ಕೈಯಲ್ಲಿನ ಕೆಲಸ ಬಿಟ್ಟು, ಒಂದು ಹುಬ್ಬು ಮೇಲೆತ್ತಿ, "ಇವತ್ತಿನ ಹಾಡು ಹೆಂಗಿತ್ತು?" ಎಂದು ಕೇಳುವುದು. ಅವಳು "ನನಗೇನ ಹಿಂದಿ ಬರತೈತಿ?" ಎಂದು ಮುಖ ತಿರುವಿ, ನಾಲ್ಕು ಹೆಜ್ಜೆ ದಾಟಿದ ಮೇಲೆ ತುಟಿ ಕಚ್ಚಿಕೊಂಡು ನಗುವುದು. ಅಷ್ಟನ್ನೇ ನಂಬಿ ಹುಬ್ಬಳ್ಳಿ ಆಚೆಯ ತಂಬೂರು ಎಂಬ ಊರಿನಿಂದ ಬಂದ ಸಂಬಂಧಕ್ಕೆ ಹದಿನೈದು ದಿನದಿಂದ ಹೂಂ ಅನ್ನದೆ ಕೂತಿದ್ದಳು. ತಾನೆಂಥ ಹುಚ್ಚಿ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅಳತೆ ಕೊಡದೆ ಎದ್ದು ನೇರ ಅಂಗಡಿಗೆ ಹೋದಳು. ತಿರಕಪ್ಪ ಮೆತ್ತನೆಯ ಬಟ್ಟೆಯಿಂದ ರೆಕಾರ್ಡು ಒರೆಸುತ್ತಿದ್ದ. ಅವಳನ್ನು ಕಂಡದ್ದೇ ಹುಬ್ಬು ಮೇಲೆ ಹೋಯಿತು.

"ಇವತ್ತಿನ ಹಾಡು ಹೆಂಗಿತ್ತು?"

"ನನ್ನ ಯಾಕ ಕೇಳ್ತೀರಿ? ಕೇಳೋರನ್ನ ಕೇಳ್ರಿ."

ಅವನಿಗೆ ಅವಳು ಎಂದೂ 'ರಿ' ಹಚ್ಚಿ ಮಾತಾಡಿದವಳಲ್ಲ. ತಿರಕಪ್ಪನ ನಗು ಅರ್ಧಕ್ಕೇ ನಿಂತಿತು.

"ಯಾಕ ಮೈಲಾರಿ, ಏನಾತು?"

"ಆ ಹಾರ್ನಿನ ಬಾಯಿ ಯಾವ ಕಡೆ ಐತ್ರಿ?"

"ಮೂಡಲ ಕಡೆ."

"ಮೂಡಲ ಕಡೆ ಯಾರ ಕಿಡಕಿ ಐತಿ?"

ಅವನ ಕಿವಿಗಳು ಕೆಂಪಾದವು. ಅವನು ನೆಲ ನೋಡಿದ. ಸಿಕ್ಕಿಬಿದ್ದವನ ಮುಖ ಹೀಗೇ ಇರುತ್ತದೆ ಎಂದು ಅವಳು ತೀರ್ಮಾನಿಸಿಬಿಟ್ಟಳು.

"ಇಷ್ಟ ದಿನ ಕೇಳಿ ನಿನಗ ತಿಳೀಲಿಲ್ಲಂದ್ರ ನಾ ಹೇಳಿ ಏನ್ ಉಪಯೋಗ?" ಎಂದ ಅವನು ಕಡೆಗೆ. ದನಿಯಲ್ಲಿ ಅವನದೂ ಬಿಗುಮಾನವಿತ್ತು. "ಬ್ಯಾಡಾಗಿದ್ರ ಹೇಳು, ತಿರಗಸ್ತೀನಿ."

"ತಿರಗಸ್ರಿ. ಟೇಶನ್ ಕಡೆ ತಿರಗಸ್ರಿ. ರೈಲಿಗೆ ಹಾಡ್ರಿ!"

ಅವನು ಏಣಿ ಹತ್ತಿದ, ತಂತಿ ಸಡಿಲಿಸಿ ಹಾರ್ನನ್ನು ಟೇಶನ್ ಕಡೆ ತಿರುಗಿಸಿ ಬಿಗಿದು ಕಟ್ಟಿದ. ಅವಳು ಹೋಗುವವರೆಗೂ ಕೆಳಗೆ ಇಳಿಯಲಿಲ್ಲ.

ಮನೆಯಲ್ಲಿ ಗಂಗಪ್ಪ ಕಾಕಾ ಅಡಕೊತ್ತು ಹಿಡಿದು ಕೂತಿದ್ದ. ಮೈಲಾರವ್ವನ ಅಪ್ಪ ಹೋದ ಮೇಲೆ ಆ ಮನೆಗೆ ಅವನೇ ಹಿರಿಯ.

"ಕಾಕಾ, ತಂಬೂರಿನವರಿಗೆ ಹೂಂ ಅಂತ ಹೇಳಿಬಿಡ್ರಿ."

ಗಂಗಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಖರೇನಾ? ನಾಳೆ ಸಂಜಿ ಐದರ ಪ್ಯಾಸೆಂಜರಿಗೆ ಹೊಂಟು, ಹುಬ್ಬಳ್ಯಾಗ ವಸ್ತಿ ಮಾಡಿ, ಮುಂಜಾನೆ ಅವರ ಮನಿ ಮುಟ್ಟತೀನಿ. ನಾ ಒಮ್ಮೆ ಮಾತ ಕೊಟ್ಟನಂದ್ರ ಮುಗೀತವಾ. ತಿರಗಿ ಬ್ಯಾಡ ಅನ್ನಂಗಿಲ್ಲ."

"ಅನ್ನೂದಿಲ್ಲ" ಎಂದಳು ಅವಳು. ಆಮೇಲೆ ಹಿತ್ತಲಿಗೆ ಹೋಗಿ ಬೇಕೆಂದೇ ಹಸಿ ಕಟ್ಟಿಗೆ ಹಚ್ಚಿ, ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡಳು.

ಮರುದಿನ ಶುಕ್ರವಾರ, ಎಂಬತ್ತನೇ ಇಸವಿಯ ಆಗಸ್ಟ್ ಒಂದನೇ ತಾರೀಖು. ಊರಿನಿಂದ ಒಂದೂವರೆ ಮೈಲಿ ಮೂಡಲಿಗಿದ್ದ ಹಳ್ಳದ ಹೊಲದಲ್ಲಿ ಐದಾರು ಹೆಂಗಸರು ನಸುಕಿನಿಂದಲೇ ಸಾಲು ಹಿಡಿದು ಶೇಂಗಾದ ಕಸ ತೆಗೆಯುತ್ತಿದ್ದರು. ಹನ್ನೆರಡಾಯಿತು, ಒಂದಾಯಿತು. ಹಾಡಿಲ್ಲ.

"ಏನವಾ ಇವತ್ತ, ತಿರಕಪ್ಪನ ಗಂಟಲಾ ಕಟ್ಟೇತೇನ?" ಎಂದಳು ಸಾಲಿನ ತುದಿಯಲ್ಲಿದ್ದ ಮುದುಕಿ ಸಾವಕ್ಕ. "ತಿಂಗಳಾತು, ಹಾಡು ಕೇಳಿಕೋತ ಕಸ ತಗದ್ರ ಸೊಂಟದ ನೋವು ತಿಳೀತಿರಲಿಲ್ಲ."

ಹಾಡು ನಿಂತಿದ್ದಕ್ಕೆ ಮೈಲಾರವ್ವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಈಗ ಹಾಡು ಬಿಟ್ಟು ನೇರ ಮಾತಿಗೇ ಕೂತಿದ್ದಾನೋ ಏನೋ, ಕಸ್ತೂರೆವ್ವನ ಮಷೀನಿನ ಬಾಜೂಕ. ಕುರ್ಪಿಯನ್ನು ಅವಳು ಎಷ್ಟು ಸಿಟ್ಟಿನಿಂದ ಆಡಿಸಿದಳೆಂದರೆ ಕಸದ ಜೊತೆ ನಾಲ್ಕು ಶೇಂಗಾ ಗಿಡಗಳೂ ಕಿತ್ತು ಬಂದವು.

ನಾಲ್ಕರ ಚಹಾ ತರುವ ಚಿಗವ್ವ, ಗಂಗಪ್ಪನ ಹೆಂಡತಿ ದುರ್ಗವ್ವ, ಅಂದು ತಡವಾಗಿ ಬಂದಳು. ಕಿಟ್ಲಿ ಇಳಿಸುವ ಮೊದಲೇ ಬಾಯಿ ಬಿಟ್ಟಳು.

"ತಿರಕಪ್ಪನ ಅಂಗಡಿ ಮುಂದ ಹೆಜ್ಜಿ ಇಡಾಕ ಜಾಗ ಇಲ್ಲ. ರಾತ್ರಿ ಮುಂಬೈದಾಗ ರಫಿ ಸಾಹೇಬ್ರು ತೀರಕೊಂಡ್ರಂತ. ಮುಂಜಾನೆ ರೇಡಿಯೋದಾಗ ಹೇಳಿದ್ರು. ಆಗಿಂದ ಅವರ ರಿಕಾರ್ಡ್ ಒಂದಾದ ಮ್ಯಾಲೊಂದ ಹಚ್ಚಾಕತ್ತಾನ. ಉಣ್ಣಂಗಿಲ್ಲ, ಕಣ್ಣೀರ ಒರಸಂಗಿಲ್ಲ. ನೀವೂ ಕೇಳೇ ಇರ್ತೀರಿ."

"ನಾವ ಒಂದ ಅಕ್ಷರ ಕೇಳಿಲ್ಲ" ಎಂದಳು ಸಾವಕ್ಕ.

ಮೈಲಾರವ್ವನ ಬಾಯಿಂದ ಮೊದಲು ಹೊರಟ ಪ್ರಶ್ನೆ ಮಾತ್ರ ಬೇರೆ. "ಕಸ್ತೂರೆವ್ವ ಅಲ್ಲೇ ಅದಾಳೇನು?"

"ಆಕಿ ಯಾಕ ಬರ್ತಾಳ? ಬಾಗಲಾ ಮುಚಗೊಂಡ ಆರಾಮ ನಿದ್ದಿ ಹೊಡ್ಯಾಕತ್ತಾಳ. ನಿನ್ನೆ ಹಾರ್ನ್ ಟೇಶನ್ ಕಡೆ ತಿರುಗೇತಲ್ಲ, ತಿಂಗಳ ಮ್ಯಾಲ ಇವತ್ತ ತಲಿನೋವಿಲ್ಲಂತ. ಆಕಿ ಅಂವನ ಮ್ಯಾಲ ಪಂಚಾಯ್ತಿಗೆ ಅರ್ಜಿ ಬರಸಿಟ್ಟಿದ್ಲು!"

ಸಾವಕ್ಕ ಚಹಾದ ಬಟ್ಟಲು ಹಿಡಿದುಕೊಂಡೇ ಊರಿನ ಕಡೆ ತಿರುಗಿದಳು. ಗಾಳಿ ದಿನದಂತೆಯೇ ಪಡುವಣದಿಂದ ಬೀಸುತ್ತಿತ್ತು. ದೂರದಲ್ಲಿ ಕಸ್ತೂರೆವ್ವನ ಹಂಚಿನ ಮನೆ, ಅದರ ನೆತ್ತಿಯ ಮೇಲೆ ಸರಿಯಾಗಿ ತಿರಕಪ್ಪನ ಗಳ. ಅಲ್ಲಿಂದ ಇಲ್ಲಿಗೆ ದಾರ ಹಿಡಿದು ಎಳೆದಂತೆ ಒಂದೇ ಗೆರೆ.

"ಅಯ್ಯ ನನ್ನವ್ವಾ!" ಸಾವಕ್ಕ ತೊಡೆ ತಟ್ಟಿಕೊಂಡು ನಕ್ಕಳು. "ಇಷ್ಟ ದಿನ ನಾ ಇಡೀ ಸೀಮಿಗೆ ಕೇಳತೈತಿ ಅನಕೊಂಡಿದ್ದೆ. ಅಂವಾ ಹಾಡಿದ್ದು ಬರೇ ನಮ್ಮ ಹೊಲಕ್ಕ! ಪಾಪ, ಕಸ್ತೂರಿ ಮನಿ ನಡುವ ಸಿಕ್ಕಂಡೈತಿ. ಅಲ್ಲವಾ, ಈ ಮುದುಕಿಗೆ ಯಾರೂ ಹಾಡೂದಿಲ್ಲ. ಇಲ್ಲಿ ಮತ್ತ ಯಾರದಾರ?"

ಎಲ್ಲರ ಕಣ್ಣೂ ಮೈಲಾರವ್ವನ ಮೇಲೆ ಬಂದು ನಿಂತವು.

"ಚಿಗವ್ವಾ, ಕಾಕಾ ಹೋದ್ರೇನು?"

"ನನ್ನ ಮುಂದ ಛತ್ರಿ ಹಿಡಕೊಂಡು ಟೇಶನ್‌ಗೆ ಹೊಂಟ್ರಲ್ಲ."

ಮೈಲಾರವ್ವ ಕುರ್ಪಿ ಒಗೆದು ಓಡಿದಳು. ಎರೆಮಣ್ಣು ಒಂದೊಂದು ಹೆಜ್ಜೆಗೂ ಕಾಲಿಗೆ ಮೆತ್ತಿಕೊಂಡು ಹಿಂದಕ್ಕೆ ಎಳೆಯುತ್ತಿತ್ತು. ನಾಳೆ ಬೆಳಿಗ್ಗೆ ಕಾಕಾ ಮಾತು ಕೊಟ್ಟರೆ ತನ್ನ ಬದುಕು ತಂಬೂರಿನದು, ಅದೂ ತನ್ನದೇ ಬಾಯಿಂದ. ಅಂಗಡಿ ಮುಟ್ಟುವಷ್ಟರಲ್ಲಿ ಮಂದಿ ಕರಗಿದ್ದರು. ರಂಜಾನಿನ ರೋಜಾ ಹಿಡಿದಿದ್ದ ಮುದುಕಿ ರಾಜಮಾಬಿ ಒಬ್ಬಳೇ ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದಳು.

ತಿರಕಪ್ಪ ತಲೆಯೆತ್ತಿದ. ಕಣ್ಣು ಕೆಂಪಾಗಿ ಊದಿಕೊಂಡಿದ್ದವು.

"ಆ ಹಾರ್ನ್ ನನ್ನ ಕಡೇನ ಇತ್ತೇನು?" ಏದುಸಿರಿನಲ್ಲೇ ಕೇಳಿದಳು.

"ಅದು ನಿನಗ ತಿಳಿಯಾಕ ಹಾಡು ನಿಲ್ಲಬೇಕಾತು."

"ಬಾಯಿಲೆ ಹೇಳಾಕ ಏನಾಗಿತ್ತು? ನಿನಗ ಬಾಯಿ ಇದ್ದಿದ್ದಿಲ್ಲೇನು?"

"ಇದ್ದಿದ್ರ ಮೈಕ್ ಯಾಕ ಬೇಕಾಗಿತ್ತು?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು.

"ಕಾಕಾ ಟೇಶನ್‌ದಾಗ ಅದಾರ. ಓಡಿದ್ರೂ ಮುಟ್ಟಂಗಿಲ್ಲ ತಿರಕಪ್ಪ, ಈಗ ಏನ್ ಮಾಡ್ಲಿ?"

ಅವನು ರೆಕಾರ್ಡಿನ ಮೇಲಿಂದ ಮುಳ್ಳು ಎತ್ತಿ, ಮೈಕಿನ ಸ್ವಿಚ್ ಒತ್ತಿ ಅವಳ ಕೈಗೆ ಕೊಟ್ಟ. ಮಾಳಿಗೆ ಮೇಲಿನ ಹಾರ್ನ್ ಟೇಶನ್ ಕಡೆಗೇ ಇತ್ತು, ಅವಳು ತಿರುಗಿಸಲು ಹೇಳಿದ ಹಾಗೆಯೇ.

"ಗಂಗಪ್ಪ ಕಾಕಾ! ರೈಲ ಹತ್ತಬ್ಯಾಡ್ರಿ!" ತನ್ನ ದನಿ ಊರ ಮೇಲೆ ಗುಡುಗಿದ್ದನ್ನು ಕೇಳಿ ಅವಳೇ ಬೆಚ್ಚಿದಳು. "ನಾ ಮೈಲಾರಿ. ತಂಬೂರಿನ ಹುಡುಗ ನನಗ ಬ್ಯಾಡ. ನನಗ..."

ಅಲ್ಲಿಗೆ ನಿಂತಳು.

"ಪೂರಾ ಹೇಳ ಬೇಟಿ," ಎಂದಳು ರಾಜಮಾಬಿ ಕಣ್ಣು ತೆರೆಯದೆ. "ಅರ್ಧಕ್ಕ ಬಿಟ್ರ ಅಂವಾ ರೈಲ ಹತ್ತೇ ಬಿಡತಾನ."

"ನನಗ ಈ ಮೈಕಿನಾಂವನ ಬೇಕು!" ಎಂದವಳೇ ಮೈಕನ್ನು ಅವನ ಮಡಿಲಿಗೆ ಎಸೆದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ರೈಲು ಬಂತು, ನಿಂತಿತು, ಹೋಯಿತು. ಕಾಲು ತಾಸಿನ ಮೇಲೆ ಟೇಶನ್ ರಸ್ತೆಯ ತಿರುವಿನಲ್ಲಿ ಗಂಗಪ್ಪನ ಛತ್ರಿ ಕಾಣಿಸಿತು. ಅವನ ಮುಖ ಸಿಟ್ಟಿನಿಂದ ಊದಿತ್ತು, ಆದರೆ ಮೀಸೆಯ ಕೆಳಗೆ ತುಟಿ ಒಂದು ಕಡೆ ಎಳೆಯುತ್ತಿತ್ತು.

"ನನಗ ಒಬ್ಬಂವಗ ಹೇಳಿದ್ರ ಸಾಕಿತ್ತವಾ. ರೈಲಿನ ಮಂದಿಯೆಲ್ಲಾ ಕಿಡಕ್ಯಾಗಿಂದ ಮಾರಿ ಹೊರಗ ಹಾಕಿ, 'ಯಾರ್ರೀ ಗಂಗಪ್ಪ?' ಅಂತ ಕೇಳಾಕತ್ತಿದ್ರು." ಆಮೇಲೆ ತಿರಕಪ್ಪನ ಕಡೆ ತಿರುಗಿ, "ಏ ತಮ್ಮಾ, ಶ್ರಾವಣ ಹತ್ತಲಿ. ನಿಮ್ಮ ಅವ್ವನ್ನ ಕರಕೊಂಡ ಮನಿಗೆ ಬಾ. ಹಾರ್ನ್ ಬಿಟ್ಟು ಬಾ" ಎಂದು ಹೊರಟುಹೋದ. ರಾಜಮಾಬಿಯೂ ರೋಜಾ ಬಿಡುವ ಹೊತ್ತಿಗೆ ಅಡಿಗೆ ಆಗಬೇಕೆಂದು ಎದ್ದಳು.

ತಿರಕಪ್ಪ ಮತ್ತೊಂದು ರೆಕಾರ್ಡು ತೆಗೆದ. ಒರೆಸಲು ಹೋಗಿ ಅವನ ಕಣ್ಣು ಮತ್ತೆ ತುಂಬಿದವು. ಮೈಲಾರವ್ವ ಅದನ್ನು ನೋಡುತ್ತ ನಿಂತಳು. ಈ ಹಾಳು ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. ಕಸ್ತೂರೆವ್ವನ ಮೇಲಿನದು ಮುಗಿಯಿತು ಎನ್ನುವಷ್ಟರಲ್ಲಿ ಅದು ರಫಿ ಸಾಹೇಬರ ಕಡೆಗೇ ಹರಿದಿತ್ತು.

"ಅವರ ಮಾರಿ ನೀ ಒಮ್ಮೆನೂ ನೋಡಿಲ್ಲ. ಅವರಿಗಾಗಿ ಮುಂಜಾನಿಂದ ಅಳಾಕತ್ತಿ. ನಾ ತಂಬೂರಕ್ಕ ಹೋಗಿದ್ರ ಇದರಾಗಿಂದು ಅರ್ಧಾನರ ಅಳ್ತಿದ್ದೇನು?"

ತಿರಕಪ್ಪ ರೆಕಾರ್ಡನ್ನು ಮೆಲ್ಲಗೆ ಮಷೀನಿನ ಮೇಲೆ ಇಟ್ಟ.

"ಏಳಕ್ಕ ರೇಡಿಯೋದಾಗ ಸುದ್ದಿ ಕೇಳಿದೆ. ಏಳೂವರಿಗೆ ಚಹಾದಂಗಡ್ಯಾಗ ನಿಮ್ಮ ಕಾಕಾ ತಂಬೂರಿನ ಸುದ್ದಿ ಹೇಳಿದ್ರು" ಎಂದ. "ಇವತ್ತ ಎಷ್ಟ ಅತ್ತರೂ ಯಾಕಂತ ಯಾರೂ ಕೇಳಲಿಲ್ಲ, ಮೈಲಾರಿ."