ಶುಕ್ರವಾರ ಮಾತ್ರ ಕೆಡುವ ನೀರು

"ಸುಳ್ಳು ಬರೆಯೋಕೂ ಒಂದು ಮಿತಿ ಇರ್ಬೇಕು ಕಣ್ರೀ!"

ಸಿದ್ದರಾಮೇಶ್ ನೋಟ್‌ಬುಕ್ಕನ್ನು ಬಿಲ್ಲಿಂಗ್ ಟೇಬಲ್ ಮೇಲೆ ಎಸೆದ. ಬಿಲ್ ಬರೆಯುತ್ತಿದ್ದ ದುರ್ಗಾಳ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು.

ರಾಯದುರ್ಗದ ಆ ಜೀನ್ಸ್ ಅಂಗಡಿಯ ಹಾಲ್‌ನಲ್ಲಿ ಉಪ್ಪುನೀರಿನ ದೊಡ್ಡ ಅಕ್ವೇರಿಯಂ ಇತ್ತು. ಎರಡು ಕಿತ್ತಳೆ ಬಣ್ಣದ ಮೀನು, ಒಂದು ಗೊಂಚಲು ಹವಳ. ಪ್ರತಿ ಶುಕ್ರವಾರ ಮಡಕಶಿರಾದಿಂದ ಬಂದು ಅದನ್ನು ನೋಡಿಕೊಳ್ಳುವುದು ಅವನ ಕೆಲಸ. ಉಳಿದ ಆರು ದಿನ ಅಂಗಡಿಯದೇ ಮೀಟರಿನಲ್ಲಿ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಮಟ್ಟ, ನೋಡಿ ಬರೆದಿಡುವುದು ಅವಳದು.

"ಆರು ದಿನಾನೂ ಎಂಟು ಪಾಯಿಂಟ್ ಎರಡು ಅಂತೀರ. ನಾನು ಬಂದಾಗ್ಲೆಲ್ಲ ಏಳು ಪಾಯಿಂಟ್ ಎಂಟು! ಹವಳ ಹೆಂಗೆ ಮುದುರ್ಕೊಂಡಿದೆ ನೋಡಿ. ಕೂತಲ್ಲೇ ಬರೀತೀರ ಅಲ್ವಾ?"

"ನಾ ಯಾಕ ಸುಳ್ಳ ಬರೀಲ್ರಿ? ನಿಮ್ ಮೀಟರೇ ಕೆಟ್ಟೈತಿ!"

ಮಾಲೀಕ ರುದ್ರಮುನಿ ಮೆಟ್ಟಿಲಿಳಿದು ಬಂದರು.

"ಐದು ವಾರದಿಂದ ಇದ ಜಗಳ! ಇವತ್ತು ತಪ್ಪು ಯಾರದಂತ ಗೊತ್ತಾಗ್ಬೇಕು. ತಪ್ಪು ಮಾಡಿದೋರು ನಾಳಿಂದ ಇಲ್ಲಿ ಕಾಲಿಡಂಗಿಲ್ಲ."

ದುರ್ಗಾ ನೋಟ್‌ಬುಕ್ಕನ್ನು ಮಾಲೀಕರತ್ತ ಸರಿಸಿದಳು. ಒಂದು ದಿನವೂ ನೋಡದೆ ಬರೆದವಳಲ್ಲ ಅವಳು. ಆದರೆ ನಂಬುವವರು ಯಾರು?

ಸಿದ್ದರಾಮೇಶ್ ಒಂದು ಮಗ್ ತುಂಬ ಅಕ್ವೇರಿಯಂ ನೀರು ತೆಗೆದು ಹೊರಗಿನ ಜಗಲಿಯಲ್ಲಿಟ್ಟ. ಗಾಳಿ ಊದುವ ಪುಟ್ಟ ಪಂಪಿನ ಕೊಳವೆ ಇಳಿಬಿಟ್ಟು, ಒಂದು ಗಂಟೆ ಕಾಯಬೇಕೆಂದ.

"ಟೀ ಬೇಕಾ ಅಂತ ಕೇಳೋರೂ ಇಲ್ಲ ಈ ಅಂಗಡೀಲಿ," ಎಂದು ಗೊಣಗಿದ.

"ಮೊದ್ಲ ನಿಮ್ ಮೀಟರ್‌ಗೆ ಕುಡಿಸ್ರಿ. ಬುದ್ಧಿ ಬಂದೀತು."

ಗಂಟೆ ಕಳೆಯಿತು. ಮೀಟರ್ ತೋರಿಸಿತು... ಎಂಟು ಪಾಯಿಂಟ್ ಎರಡು!

"ಒಂದ ನೀರು, ಎರಡು ನಂಬರ್ರಾ?" ರುದ್ರಮುನಿ ಗುಡುಗಿದರು. "ನಿನ್ ಮೀಟರೇ ಖೊಟ್ಟಿ. ಸಾಮಾನು ಕಟ್ಟು!"

"ನೀರಲ್ಲ ಸಾರ್, ಒಳಗಿನ ಗಾಳಿ ಸರಿ ಇಲ್ಲ. ಕೆಟ್ಟ ಗಾಳಿ ನೀರಿಗೆ ಸೇರಿದ್ರೆ ಪಿಎಚ್ ಇಳಿಯುತ್ತೆ. ಹೊರಗಿನ ಗಾಳಿ ತಗುಲ್ತು, ಏರ್ತು."

"ಶುಕ್ರವಾರ ಒಂದಿನಾನ ಗಾಳಿ ಕೆಡತೈತೇನು?"

ಸಿದ್ದರಾಮೇಶ್ ತಲೆ ತಗ್ಗಿಸಿ ಮೀಟರನ್ನು ಚೀಲಕ್ಕೆ ಹಾಕಿದ.

ಉತ್ತರ ದುರ್ಗಾಳಿಗೆ ಹೊಳೆದಿತ್ತು! ಪರದೆಯ ಹಿಂದಿನ ಮುಚ್ಚಿದ ಕಿಟಕಿಗಳತ್ತ ನೋಡಿದಳು.

'ಸುಮ್ನಿದ್ದರ ಸಾಕು... ಗೆದ್ದೀನಿ. ಇವ್ರು ಹೋಗ್ತಾರ. ನನ್ನ ಗುಟ್ಟು ಗುಟ್ಟಾಗೇ ಇರ್ತೈತಿ.'

ಅವನು ಹೊಸ್ತಿಲು ದಾಟಿದ.

"ನಿಲ್ರಿ! ಸಾವ್ಕಾರ್ರೇ... ತಪ್ಪು ನಂದು."

ಇಬ್ಬರೂ ತಿರುಗಿದರು.

"ಶುಕ್ರವಾರ ಮುಂಜಾನಿ ಸಾಂಬ್ರಾಣಿ ಹಾಕ್ತೀನಲ್ರಿ... ಐದು ವಾರದಿಂದ ಬುಟ್ಟಿಗಟ್ಟಲೆ ಇದ್ದಲಿ ಉರಿಸಿ ಕೆಂಡ ಮಾಡ್ತಿದ್ದೆ. ಹೊಗಿ ಹೋಗಬಾರದಂತ ಕಿಟಕಿ ಎಲ್ಲಾ ಮುಚ್ಚತಿದ್ದೆ. ಇವ್ರು ಬರೋ ಮುಂಚೆ ಕೆಂಡ ಹಿತ್ತಲಿಗೆ ಒಯ್ದು ಸುರೀತಿದ್ದೆ. ಗಾಳಿ ಕೆಟ್ಟಿದ್ದು ಆ ಕೆಂಡದಿಂದನ್ರಿ."

"ಅಷ್ಟು ಹೊಗಿ ಯಾಕ?"

"ಇವ್ರು ಬರೋತನಕ ವಾಸನಿ ಇರ್ಲಂತ..."

ಅವಳ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

ಕೆಲಸಕ್ಕೆ ಬಂದ ಮೊದಲ ಶುಕ್ರವಾರ ಸಿದ್ದರಾಮೇಶ್ ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿದ್ದ. 'ನಮ್ಮಮ್ಮ ಇದ್ದಾಗ ಮನೆ ಹಿಂಗೇ ಘಮ ಅನ್ನೋದು,' ಎಂದಿದ್ದ. ಜಗಳ ಶುರುವಾಗುವ ಮುಂಚೆ ಅವನಾಡಿದ ಒಂದೇ ಒಂದು ಒಳ್ಳೆಯ ಮಾತು ಅದು!

ರುದ್ರಮುನಿ ಇಬ್ಬರನ್ನೂ ನೋಡಿದರು.

"ನಿಮ್ಮಿಬ್ಬರ ನಡುವೆ ನನ್ನ ಮೀನು ಸಾಯ್ಬೇಕಾ? ಮೊದ್ಲು ಕಿಟಕಿ ತೆಗೀರಿ!" ಎಂದು ಗದರಿ ಮೇಲೆ ಹೋದರು. ಯಾರನ್ನೂ ಕೆಲಸ ಬಿಡಿಸುವ ಮಾತೆತ್ತಲಿಲ್ಲ.

ಕಿಟಕಿಗಳು ತೆರೆದವು. ಗಾಳಿ ಒಳನುಗ್ಗಿತು.

"ಗೊತ್ತಿದ್ರೂ ಬೈಸ್ಕೊಂಡ್ರಾ, ಐದು ವಾರ?" ಎಂದ ಸಿದ್ದರಾಮೇಶ್.

"ಗೊತ್ತಿರ್ಲಿಲ್ರಿ. ಗೊತ್ತಾದ ಕೂಡ್ಲೇ ಹೇಳೀನಿ. ಸುಳ್ಳಿ ಅಂದ್ರಲ್ಲ ನನ್ನ..." ಅವಳು ಮುಖ ತಿರುಗಿಸಿದಳು.

ಅವನು ನೋಟ್‌ಬುಕ್ ತೆರೆದು ಏನೋ ಬರೆದು ಅವಳ ಮುಂದಿಟ್ಟ.

'ಕಿಟಕಿ ತೆರೆದಿದೆ. ದುರ್ಗಾ ಬರೆದದ್ದೆಲ್ಲ ನಿಜ. ತಪ್ಪಾಯ್ತು. ಸಿದ್ದರಾಮೇಶ್.'

ಅವಳು ಎರಡು ಸಲ ಓದಿ, ಕಣ್ಣೊರೆಸಿಕೊಂಡಳು.

"ಇನ್ಮೇಲೆ ಅಷ್ಟು ಸಾಂಬ್ರಾಣಿ ಹಾಕಂಗಿಲ್ಲ, ಅಲ್ರಿ?"

"ಇಲ್ಲಿ ಬೇಡ." ಅವನ ದನಿ ಮೆತ್ತಗಾಯಿತು. "ನಮ್ಮನೇಲಿ ಮೀನಿಲ್ಲ ದುರ್ಗಾ... ಅಲ್ಲಿ ಹಾಕ್ತೀರಾ?"

"ಕಿಟಕಿ ತೆಗದ ಹಾಕ್ತೀನ್ರಿ," ಎಂದಳು ಅವಳು.