ಗಂಡಸರನ್ನು ಕರೆದುಕೊಂಡು ಬಾ

"ನಿಲ್ಸಿ ಬಾವಾ! ನಿಮ್ಮ ಕಾಲಿಗೆ ಬೀಳ್ತೀನಿ, ನಿಲ್ಸಿ...!"

ಶ್ರೀವಾಣಿ ಹೊಸ್ತಿಲಲ್ಲೇ ನಿಂತು ಕೂಗಿದಳು. ಕೈಯಲ್ಲಿದ್ದ ಹಾಲಿನ ಪಾಕೀಟು ಜಾರಿ ಬಿದ್ದದ್ದೂ ಅವಳಿಗೆ ಗೊತ್ತಾಗಲಿಲ್ಲ. ಮಗಳು ಮಾಲಾಳನ್ನು ಶಾಲೆಗೆ ಬಿಟ್ಟು ಬರುವಷ್ಟರಲ್ಲಿ ಮನೆಯೊಳಗೆ ಇಂಥ ಅನ್ಯಾಯ ನಡೆದುಹೋಗಿತ್ತು. ಮದುವೆಯಾಗಿ ಬಂದ ದಿನದಿಂದ ಅವಳು ಕಾಲು ಇಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯ್ದ ಮಗ್ಗದ ಗುಂಡಿ ಅದು. ಅದಕ್ಕೆ ಗಂಡನ ಅಣ್ಣ ಗಂಗರಾಜು ಬುಟ್ಟಿ ಬುಟ್ಟಿ ಕಲ್ಲು, ಇಟ್ಟಿಗೆ ಚೂರು, ಮಣ್ಣು ಸುರಿಯುತ್ತಿದ್ದ. ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು! ಉಣ್ಣಲು ಕೂತವರ ಮುಂದಿನ ಎಲೆ ಎಳೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಅತ್ತೆ ಓಬಳಮ್ಮ ಗೋಡೆಗೊರಗಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಏಮೇ, ಬೀದಿಗೆಲ್ಲ ಕೇಳೋ ಹಂಗೆ ಯಾಕೆ ಅರಚ್ತೀಯ? ಪವರ್‌ಲೂಮ್ ಬರ್ತೈತೆ. ಅದಕ್ಕೆ ಗುಂಡಿ ಬೇಡ, ಸಿಮೆಂಟು ನೆಲ ಬೇಕು."

"ಮತ್ತೆ ನಾನೆಲ್ಲಿ ಕೂತು ನೇಯ್ಲಿ ಅತ್ತೇ?"

"ನಿನ್ ಮೊಗುಡು ಎಲ್ಲವನೋ ಅಲ್ಲಿ ಕೂತ್ಕ. ಗಂಡನ್ನ ಹಿಡ್ಕೊಂಡು ಬಾಳಾಕೆ ಬರ್ದೋಳಿಗೆ ನನ್ನ ಮನೇಲಿ ಮಗ್ಗ ಬೇರೆ ಕೇಡು! ಅಮಾವಾಸೆ ಒಳಗೆ ನಿನ್ನ ಜಾಗ ನೀನು ನೋಡ್ಕ."

ಹಿಡಿದುಕೊಂಡು ಬಾಳಬೇಕಂತೆ! ಗಂಡ ಹೇಮಂತ್ ಏನು ಹಗ್ಗ ಬಿಚ್ಚಿ ಹೋದ ಕರುವೇ? ಮೂರು ವರ್ಷದ ಹಿಂದೆ ಬಳ್ಳಾರಿಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದವನು ಹೆತ್ತ ಮಗಳ ಹುಟ್ಟುಹಬ್ಬಕ್ಕೂ ಈ ಕಡೆ ತಲೆ ಹಾಕಿರಲಿಲ್ಲ. ಅಷ್ಟು ವರ್ಷವೂ ಈ ಮನೆಯ ಒಲೆ ಉರಿದದ್ದು ಶ್ರೀವಾಣಿ ತುಳಿದ ಮಗ್ಗದ ಮೆಟ್ಟಿನಿಂದ. ಓಬಳಮ್ಮ ಆ ಹೊತ್ತು ಬಾಯಿಗೆ ಹಾಕಿಕೊಂಡ ಎಲೆ ಅಡಿಕೆಯೂ ಸೊಸೆ ನೇಯ್ದದ್ದೇ! ಅದನ್ನು ಹೇಳಲು ಹೋದವಳು ಅತ್ತುಬಿಟ್ಟಳು. ಶ್ರೀವಾಣಿ ಅರ್ಧ ಸೀರೆಯನ್ನು ನೂಲಿನ ಸಮೇತ ಸುತ್ತಿ ಹಳೆಯ ಪಂಚೆಯಲ್ಲಿ ಕಟ್ಟಿಟ್ಟಳು. ಆ ಮನೆಯಲ್ಲಿ ಅವಳು ಅತ್ತದ್ದು ಅದೇ ಕೊನೆ.

ಮರುದಿನದಿಂದ ಮನೆ ಹುಡುಕುವ ಪಾಡು ಶುರುವಾಯಿತು. ಅವಳಿಗೆ ಬೇಕಾಗಿದ್ದುದು ಅರಮನೆಯಲ್ಲ. ತಾನೂ ಮಗಳೂ ಮಲಗಲು ಜಾಗ, ಮಗ್ಗಕ್ಕೊಂದು ಗುಂಡಿ ತೋಡಲು ಬಿಡುವ ನೆಲ, ಕೈಗೆಟುಕುವ ಬಾಡಿಗೆ. ಇಷ್ಟೇ. ಮೊಳಕಾಲ್ಮುರಿನ ನೇಕಾರರ ಬೀದಿಯಲ್ಲಿ ಗುಂಡಿ ಇದ್ದ ಮನೆಗಳೇ ಖಾಲಿ ಬಿದ್ದಿದ್ದವು. ಆದರೆ ಬೀದಿ ತುಂಬಾ ಓಬಳಮ್ಮನ ನೆಂಟರು. "ನಿಮ್ಮತ್ತೆ ಹತ್ರ ನಮಗ್ಯಾಕಮ್ಮಾ ನಿಷ್ಠುರ?" ಎಂದು ಬಾಗಿಲಲ್ಲೇ ಮಾತು ಮುಗಿಸಿದರು. ದೊಡ್ಡಉಳ್ಳಾರ್ತಿ ಕಡೆ ಹೋದರೆ ವಿಜ್ಞಾನ ಸಂಸ್ಥೆಗಳ ಕೆಲಸಕ್ಕೆ ಹೊರಗಿನಿಂದ ಬಂದ ದೊಡ್ಡ ಸಂಬಳದವರು ಸೇರಿಕೊಂಡಿದ್ದರಿಂದ, ಮನೆಯವರು ದನದ ಕೊಟ್ಟಿಗೆಗೂ ಪಟ್ಟಣದ ಬಾಡಿಗೆ ಹೇಳುತ್ತಿದ್ದರು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದಿನ ಓಣಿಯವನು, "ಟೈಲ್ಸ್ ಒಡೆದು ಗುಂಡಿ ತೋಡ್ತೀಯಾ? ತಲೆಗಿಲೆ ಕೆಟ್ಟೈತಾ?" ಎಂದು ನಕ್ಕ. ಇನ್ನೊಬ್ಬಳು ಕೊಡಕ್ಕೆ ನೀರು ಹಿಡಿಯುತ್ತಲೇ, "ಯಜಮಾನ್ರು ಎಲ್ಲವರೆ? ಇಲ್ವಾ? ಒಂಟಿ ಹೆಂಗಸಿಗೆ ಕೊಡಲ್ಲಮ್ಮ, ನಮ್ದು ಮರ್ಯಾದಸ್ಥರ ಓಣಿ" ಎಂದಳು. ಮತ್ತೊಬ್ಬ ಮಹಾನುಭಾವ ಮಾತ್ರ ಬಹಳ ಧಾರಾಳಿ. ಬಾಡಿಗೆಯದೇನು, ಹೊಂದಿಸಿಕೊಳ್ಳೋಣ ಅಂದ. ಹಾಗೆ ಅನ್ನುವಾಗ ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ಶ್ರೀವಾಣಿ ಮಗಳ ಕೈ ಹಿಡಿದು ಹಿಂದಿರುಗಿ ನೋಡದೆ ಬಸ್‌ಸ್ಟ್ಯಾಂಡಿಗೆ ಬಂದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿದೆ, ಊರೂರು ತಿರುಗಬಹುದು. ಇಳಿದ ಊರಿನಲ್ಲಿ ಇರಲು ಮಾತ್ರ ಗಂಡಸಿನ ಹೆಸರು ಬೇಕು! ಥೂ, ಇದೆಂಥ ಲೋಕ!

ಕೊನೆಗೆ ತಳಕಿನಲ್ಲಿ ಒಂದು ಮನೆ ಸಿಕ್ಕಿತು. ಗೊಬ್ಬರದ ಅಂಗಡಿ ರಾಜಣ್ಣನ ತಂದೆ ಬಾಳಿ ಹೋದ ಹಳೆಯ ಮನೆ, ಅಂಗಡಿಯ ಹಿಂಭಾಗಕ್ಕೇ ಇತ್ತು. ಸಗಣಿ ಸಾರಿಸಿದ ಮಣ್ಣಿನ ನೆಲ! ಅದನ್ನು ಕಂಡೊಡನೆ ಶ್ರೀವಾಣಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆಂದು ನೋಡಿ, ಮಗ್ಗ ಎಲ್ಲಿ ಕೂರಬೇಕೆಂದು ಹೆಬ್ಬೆರಳಿನಿಂದ ಗೆರೆ ಎಳೆದೇಬಿಟ್ಟಳು.

"ಗುಂಡಿ ತಾನೆ? ತೋಡ್ಕ ತಾಯಿ, ಮಣ್ಣಿನ ನೆಲ, ಏನ್ ಹೋಗ್ತೈತೆ!" ಎಂದ ರಾಜಣ್ಣ. ಬಾಡಿಗೆಯೂ ಅವಳ ಶಕ್ತಿಗೆ ಸರಿಯಾಗಿಯೇ ಇತ್ತು. "ಆದ್ರೆ ಒಂದ್ ಮಾತು. ಗಂಡಸರನ್ನ ಕರ್ಕೊಂಡು ಬಾ. ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ನಾನು ಯಾರತ್ರ ಮಾತಾಡ್ಲಿ?"

"ನನ್ನ ಹತ್ರಾನೇ ಮಾತಾಡಿ ಅಣ್ಣಾರೆ. ನೇಯೋಳು ನಾನು, ಬಾಡಿಗೆ ಕಟ್ಟೋಳು ನಾನು."

"ಅದೆಲ್ಲ ಸರಿ ಕಣವ್ವಾ... ಆದ್ರೂ ಮನೆ ಅಂದ್ಮೇಲೆ ಗಂಡಸು ಅಂತ ಒಬ್ಬ ಬೇಕಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಆ ಕ್ಷಣ ಶ್ರೀವಾಣಿಯ ಬಾಯಿಂದ ಸುಳ್ಳು ಬಂತು. "ಅವರು ಬಳ್ಳಾರಿಯಾಗೆ ಕೆಲಸದಾಗವರೆ. ಕರ್ಕೊಂಡು ಬರ್ತೀನಿ."

ಅಣ್ಣನನ್ನೋ ಮಾವನನ್ನೋ ಕರೆತಂದಿದ್ದರೂ ರಾಜಣ್ಣ ಒಪ್ಪುತ್ತಿದ್ದ. ಆದರೆ ಅವಳು ಕಾಲಿಟ್ಟ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಹೊಸ ಮಗ್ಗದ ಗುಂಡಿಗೆ ಮೊದಲ ಗುದ್ದಲಿಯನ್ನು ಗಂಡನೇ ಹಾಕಬೇಕು, ಹೆಂಡತಿ ಅರಿಶಿನ ಕುಂಕುಮ ಇಡಬೇಕು. ಹೆಂಗಸು ಗುದ್ದಲಿ ಮುಟ್ಟಿದರೆ ಆ ಮಗ್ಗ ಏಳಿಗೆಯಾಗದಂತೆ! ಅಷ್ಟು ನೋವು ತಿಂದರೂ ಶ್ರೀವಾಣಿಗೆ ಆ ಭಯ ಹೋಗಿರಲಿಲ್ಲ. ಮಗಳ ಅನ್ನ ಆ ಗುಂಡಿಯಲ್ಲಿದೆಯಲ್ಲ, ಅಪಶಕುನ ಯಾಕೆ ಅಂದುಕೊಂಡಳು. ಹಾಗಾಗಿ ಹಲ್ಲು ಕಚ್ಚಿ ಹೇಮಂತನಿಗೇ ಫೋನು ಮಾಡಿದಳು.

"ಒಂದೇ ಒಂದು ಸಲ ಬನ್ನಿ. ಮನೆಯೋರ ಮುಂದೆ ನಿಂತು ಹೂಂ ಅನ್ನಿ, ಗುಂಡಿಗೆ ಗುದ್ದಲಿ ಹಾಕಿ. ಆಮೇಲೆ ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ."

"ಆಯ್ತು ಬಿಡು. ಮೊಳಕಾಲ್ಮುರಿಗೆ ಹೋಗಿ ಮಗ್ಗನೂ ಆಟೋದಾಗೆ ಹಾಕಿಸ್ಕೊಂಡು ಬರ್ತೀನಿ" ಎಂದ. ಇಷ್ಟು ಬೇಗ, ಇಷ್ಟು ಮೆತ್ತಗೆ! ಹುಚ್ಚಿ ಶ್ರೀವಾಣಿ... ಇವನಲ್ಲೂ ಒಂದು ಚೂರು ಮನುಷ್ಯತ್ವ ಉಳಿದಿದೆ ಎಂದು ಅಂದು ಸಮಾಧಾನಪಟ್ಟುಕೊಂಡಳು.

ಹೇಳಿದ ದಿನ ಆಟೋ ಬಂತು. ಮಗ್ಗದ ಮರ, ಹಗ್ಗ, ಪಾತ್ರೆ, ಜೊತೆಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಇವು ತನ್ನ ಬಟ್ಟೆಬರೆ, ಅತ್ತೆ ಕಟ್ಟಿ ಕಳಿಸಿದ್ದಾಳೆಂದುಕೊಂಡಳು ಶ್ರೀವಾಣಿ. ಮಾಲಾ "ನಾಯ್ನಾ...!" ಎಂದು ಕಿರುಚಿ ಓಡಿಹೋಗಿ ಅಪ್ಪನ ಕೊರಳಿಗೆ ಜೋತುಬಿದ್ದಳು. ಎರಡನೇ ತರಗತಿಯ ಮಗು, ಮೂರು ವರ್ಷದಿಂದ ಅಪ್ಪನ ಮುಖವನ್ನು ಫೋಟೋದಲ್ಲೇ ನೋಡಿ ಬೆಳೆದದ್ದು. ಅವನು ಚಾಕಲೇಟು ತಂದಿದ್ದ, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡ. ರಾಜಣ್ಣನಿಗೆ ಕೈಮುಗಿದು, "ಎಲ್ಲ ನಿಮ್ಮ ಆಶೀರ್ವಾದ" ಎಂದ. ರಾಜಣ್ಣ ಹಿಗ್ಗಿ ಹೀರೇಕಾಯಾದ. ಅವನ ಹೆಂಡತಿ ಲಕ್ಷ್ಮಕ್ಕ ಕಾಫಿ ತಂದಳು. ಶ್ರೀವಾಣಿ ಎಳೆದ ಗೆರೆಯ ಮೇಲೆ ಅರಿಶಿನ ಕುಂಕುಮ ಬಿತ್ತು. ಹೇಮಂತ್ ನಾಲ್ಕೈದು ಏಟು ಗುದ್ದಲಿ ಹಾಕಿ, ಉಸ್ಸಪ್ಪಾ ಎಂದು ಗೋಡೆಗೊರಗಿದ. ಬೀಗದ ಕೈ ಶ್ರೀವಾಣಿಯ ಕೈಗೆ ಬಂತು.

ಅವಳು ಸೀರೆ ಬದಲಿಸಲೆಂದು ಟ್ರಂಕು ತೆಗೆದಳು. ಒಳಗೆ ಇದ್ದದ್ದು ಹೇಮಂತನ ಅಂಗಿಗಳು, ಲುಂಗಿ, ಗಡ್ಡದ ಬ್ರಷ್ಷು.

"ಇದೇನಿದು?"

"ನನ್ನ ಸಾಮಾನು. ಅವ್ವನೇ ಕಟ್ಟಿಸಿ ಕೊಟ್ಲು" ಎಂದ, ಕಾಲು ಚಾಚಿ. "ಬಳ್ಳಾರಿಯೋಳು ಹೊರಗಾಕಿ ತಿಂಗಳಾಯ್ತು. ಅಣ್ಣ ಮನೆಗೆ ಸೇರಿಸ್ತಿಲ್ಲ. ನೀನು ಫೋನು ಮಾಡಿದ್ದು ಒಳ್ಳೇದೇ ಆಯ್ತು. ಮನೆ ಚೆನ್ನಾಗೈತೆ. ನೀನು ನೇಯ್ತೀಯ, ಮೂರು ಜನರ ಹೊಟ್ಟೆಗೆ ಏನ್ ಕಷ್ಟ?"

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ! ಶ್ರೀವಾಣಿ ಟ್ರಂಕಿನ ಮುಚ್ಚಳ ಹಾಕಿದಳು. ಹಿತ್ತಲಿಗೆ ಹೋಗಿ ಅತ್ತೆಗೆ ಫೋನು ಮಾಡಿದಳು.

"ಅತ್ತೇ, ಇದೇನು ಮಾಡಿದ್ರಿ ನೀವು?"

"ಏನ್ ಮಾಡ್ದೆ? ನಿನ್ನ ಗಂಡನ್ನ ನಿನಗೆ ಕಳಿಸ್ದೆ. ಕೆಟ್ರೂ ಬಿಟ್ರೂ ಗಂಡ ಗಂಡನೇ ಕಣೇ."

"ನಿಮ್ಮ ಹೊಟ್ಟೇಲಿ ಹುಟ್ಟಿದ ಮಗನಿಗೆ ನಿಮ್ಮ ಮನೇಲಿ ಜಾಗ ಇಲ್ವಾ?"

"ಪವರ್‌ಲೂಮ್ ಐತಲ್ಲೇ... ಜಾಗ ಎಲ್ಲಿಂದ ತರ್ಲಿ?"

ಅಬ್ಬಾ! ತಾಯಿಯಂತೆ ತಾಯಿ! ಸೊಸೆಯನ್ನು ಬೀದಿಗೆ ತಳ್ಳಿ, ಅವಳು ತೆವಳಿಕೊಂಡು ಒಂದು ಸೂರು ಸೇರುವಷ್ಟರಲ್ಲಿ ತನಗೆ ಬೇಡವಾದ ಹೊರೆಯನ್ನು ಅವಳ ತಲೆಗೇ ಕಟ್ಟಿದ್ದಳು. ಶ್ರೀವಾಣಿ ಫೋನು ಕಿವಿಯಿಂದ ತೆಗೆದು ಹಿತ್ತಲ ಕಲ್ಲಿನ ಮೇಲೆ ಕುಸಿದಳು. ಈಗ ಬಾಯಿ ಮುಚ್ಚಿಕೊಂಡರೆ ಮನೆ ಉಳಿಯುತ್ತದೆ. ಮಣ್ಣಿನ ನೆಲ, ಕಿಟಕಿಯ ಬೆಳಕು, ಮಗಳಿಗೆ ಅಪ್ಪ, ಊರಿಗೆ ಮರ್ಯಾದೆ, ಎಲ್ಲವೂ ಉಳಿಯುತ್ತದೆ. ಬಾಯಿ ಬಿಟ್ಟರೆ ಈ ಸಂಜೆಯೇ ಮಗ್ಗ ಬೀದಿಗೆ! ಮತ್ತೆ ಅದೇ ಚಳ್ಳಕೆರೆ, ಅದೇ ಓಣಿ, ಅದೇ ಕಣ್ಣುಗಳು... ಒಳಗಿನಿಂದ ಹೇಮಂತನ ದನಿ ಕೇಳಿತು. "ಏಯ್, ಊಟಕ್ಕೆ ಏನ್ ಮಾಡ್ತೀಯ? ಹಸಿವಾಗ್ತೈತೆ."

ಆ ಒಂದು ಮಾತಿಗೆ ಅವಳ ಮೈಯ ರಕ್ತವೆಲ್ಲ ತಲೆಗೇರಿತು. ನೇರವಾಗಿ ಅಂಗಡಿಗೆ ಹೋಗಿ ರಾಜಣ್ಣನನ್ನೂ ಲಕ್ಷ್ಮಕ್ಕನನ್ನೂ ಕರೆತಂದು ನಡುಮನೆಯಲ್ಲಿ ನಿಲ್ಲಿಸಿದಳು.

"ಅಣ್ಣಾರೆ, ನಾನು ಸುಳ್ಳು ಹೇಳಿದ್ದೆ. ಇವನು ಬಳ್ಳಾರಿಗೆ ಕೆಲಸಕ್ಕೆ ಹೋದೋನಲ್ಲ. ನನ್ನನ್ನೂ ಮಗಳನ್ನೂ ಬಿಟ್ಟು ಇನ್ನೊಬ್ಬಳ ಜೊತೆ ಇದ್ದೋನು. ಅವಳೂ ಹೊರಗಾಕಿದ್ಲು. ಈಗ ನನ್ನ ದುಡಿಮೆ ತಿನ್ನಾಕೆ ಬಂದವನೆ."

"ಲೇ! ಗಂಡನ್ನ ಏಕವಚನದಾಗೆ...?" ಹೇಮಂತ್ ಎದ್ದು ನಿಂತ.

"ಬಾಯ್ ಮುಚ್ಚು! ಎದ್ದು ನಡಿ ನೀನು!" ಅವಳ ಕೂಗಿಗೆ ಮಾಲಾ ಬೆದರಿ ಬಾಗಿಲ ಮೂಲೆ ಸೇರಿದಳು.

ರಾಜಣ್ಣನ ಮುಖ ಕೆಂಪಾಯಿತು. "ಅಲ್ಲಮ್ಮಾ, ಸುಳ್ಳು ಹೇಳಿ ಮನೆ ಹಿಡಿದ್ಯಾ? ನಾನು ಕೊಟ್ಟಿದ್ದು ಸಂಸಾರಕ್ಕೆ. ಒಂಟಿ ಹೆಂಗಸಿಗಲ್ಲ. ಬೀಗದ ಕೈ ಕೊಡು."

"ನಿಜ ಹೇಳಿದ್ರೆ ಯಾವ ಪುಣ್ಯಾತ್ಮ ಕೊಟ್ಟ? ಊರೂರು ಹೇಳ್ಕೊಂಡು ತಿರುಗಿದೆ, ಒಬ್ಬರಾದ್ರೂ ಕೊಟ್ರಾ?" ಶ್ರೀವಾಣಿಯ ಕಣ್ಣಲ್ಲಿ ನೀರಿರಲಿಲ್ಲ. "ಗಂಡಸರನ್ನ ಕರ್ಕೊಂಡು ಬಾ ಅಂದ್ರಿ. ಕರ್ಕೊಂಡು ಬಂದೆ. ಇಗೋ, ನಿಂತವನೆ, ಚೆನ್ನಾಗಿ ನೋಡ್ಕೊಳ್ಳಿ! ನಾಳೆ ಹೆಚ್ಚುಕಮ್ಮಿ ಆದ್ರೆ ಇವನ ಹತ್ರ ಮಾತಾಡ್ತೀರಾ? ಸಾಕಾ ಈ ಗಂಡಸು, ಇನ್ನೊಬ್ಬನ್ನ ತರ್ಬೇಕಾ?"

ಅವಳು ಸೆರಗು ಸೊಂಟಕ್ಕೆ ಬಿಗಿದು ಗುದ್ದಲಿ ಕೈಗೆತ್ತಿಕೊಂಡಳು. ಏಳಿಗೆಯಾಗುವುದಿಲ್ಲವಂತೆ! ಗಂಡನ ಗುದ್ದಲಿ ಬಿದ್ದ ಆ ಹಳೆಯ ಗುಂಡಿಗೆ ಯಾವ ಏಳಿಗೆ ಆಗಿತ್ತೋ ಅವಳು ನೋಡಿದ್ದಳು. ಅವನು ಕೆದಕಿ ಬಿಟ್ಟ ಜಾಗಕ್ಕೆ ಮೊದಲ ಏಟು ಹಾಕಿದಳು, ಮತ್ತೊಂದು ಹಾಕಿದಳು, ಮಣ್ಣು ಅವಳ ಕಾಲ ಮೇಲೆಲ್ಲ ಚೆಲ್ಲಿತು. "ಎಬ್ಬಿಸೋರು ಬಂದು ಎಬ್ಬಿಸ್ರಿ. ನಾನಂತೂ ಏಳಲ್ಲ."

ಲಕ್ಷ್ಮಕ್ಕ ಗಂಡನ ತೋಳು ಹಿಡಿದಳು. "ಬರ್ರಿ ಸುಮ್ನೆ. ಬಾಡಿಗೆ ಕೊಡೋರು ಯಾರು ಅಂತ ಗೊತ್ತಾಯ್ತಲ್ಲ. ಇನ್ನೇನ್ ಬೇಕು ನಿಮಗೆ?"

ರಾಜಣ್ಣ ಇರು ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೋ ಗೊಣಗುತ್ತಾ ಅಂಗಡಿಗೆ ಹೋದ. ಬೀಗದ ಕೈಯನ್ನು ಮತ್ತೆ ಕೇಳಲಿಲ್ಲ. ಹೇಮಂತ್ ಹೆಂಡತಿ ಮಗಳಿಬ್ಬರ ಮುಖವನ್ನೂ ನೋಡಲಾರದೆ, ಹಾಸಿಗೆ ಸುರುಳಿಯನ್ನು ಹೆಗಲಿಗೇರಿಸಿ ಟ್ರಂಕು ಎತ್ತಿಕೊಂಡ. "ನಾಯ್ನಾ, ಹೋಗ್ಬೇಡ ನಾಯ್ನಾ...!" ಮಾಲಾ ರಸ್ತೆಯವರೆಗೂ ಅವನ ಹಿಂದೆ ಓಡಿದಳು. "ನನ್ನನ್ನ ಯಾಕೆ ಕೇಳ್ತೀಯ, ನಿಮ್ಮಮ್ಮನ್ನ ಕೇಳು" ಎಂದು ಅವನು ಕೈ ಕೊಡವಿಕೊಂಡು ಬಸ್ಸು ಹತ್ತಿದ. ಹೋಗುವಾಗಲೂ ವಿಷ ಸುರಿದೇ ಹೋದ, ಪಾಪಿ!

ಮಗು ಅಳುತ್ತಾ ಹಿಂತಿರುಗಿ ಗುಂಡಿಯ ಅಂಚಿಗೆ ನಿಂತಿತು.

"ನಾಯ್ನನ್ನ ನೀನೇ ಕಳಿಸ್ದೆ!"

ಹೇಳಬಹುದಾಗಿತ್ತು. ಅವನು ಎಂಥವನು, ಏನು ಮಾಡಿದ, ಈ ಮೂರು ವರ್ಷ ಎಲ್ಲಿದ್ದ ಎಂದು ಒಂದೊಂದಾಗಿ ಹೇಳಿ ಆ ಪುಟ್ಟ ಎದೆಯಿಂದ ಅವನನ್ನು ಕಿತ್ತು ಹಾಕಬಹುದಾಗಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ಶ್ರೀವಾಣಿ ನುಂಗಿಕೊಂಡಳು. ಆ ನುಂಗುವಿಕೆಯೇ ಅಂದಿನ ಅತಿ ಕಷ್ಟದ ಕೆಲಸವಾಯಿತು.

"ಹೌದು, ನಾನೇ ಕಳಿಸ್ದೆ."

"ಮತ್ತೆ ಬಂದ್ರೆ ಬಾಗ್ಲು ತೆಗೀತೀಯಾ?"

ಸಂಜೆ ಬಿಸಿಲು ಕಿಟಕಿಯಿಂದ ಇಳಿದು ಮಗಳ ಒದ್ದೆ ಕೆನ್ನೆಯ ಮೇಲೆ ಬಿದ್ದಿತ್ತು. ಒಂದು ಸುಳ್ಳು ಸಾಕಿತ್ತು, ಮಗು ಈಗಲೇ ಮಡಿಲಿಗೆ ಬರುತ್ತಿತ್ತು. ಆದರೆ ಮನೆಗಾಗಿ ರಾಜಣ್ಣನಿಗೆ ಹೇಳಿದ ಸುಳ್ಳೇ ಸಾಕಾಗಿತ್ತು ಅವಳಿಗೆ.

"ಇಲ್ಲ ಮಗಳೇ."

ಮಾಲಾ ಬೆನ್ನು ತಿರುಗಿಸಿ ಲಕ್ಷ್ಮಕ್ಕನ ಮನೆಗೆ ನಡೆದಳು. ಶ್ರೀವಾಣಿ ಕರೆಯಲಿಲ್ಲ. ಈ ಒಂದು ಮಾತಿಗೆ ಮಗಳು ತನ್ನನ್ನು ಎಷ್ಟು ವರ್ಷ ಕ್ಷಮಿಸುವುದಿಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವಳು ಬೇರೆ ಉತ್ತರ ಕೊಡುತ್ತಿರಲಿಲ್ಲ.